ಕಿರುಚಿತ್ರಕ್ಕೆ ಸಲಹೆ ಬೇಕು: ನಮ್ಮ ಪೈಲಟ್ ಹ್ಯಾಂಡಲ್ ಎಳೆಯಬೇಕಾ, ಬೇಡವಾ?

ಪೀಣ್ಯ ಶೆಡ್

ಎಲ್ಲರಿಗೂ ನಮಸ್ಕಾರ. ನಾವು ನಾಲ್ಕು ಜನ ಸೇರಿ 16 ನಿಮಿಷದ ಕಿರುಚಿತ್ರ ಮಾಡುತ್ತಿದ್ದೇವೆ. ಗೆಳೆಯನ ಮಾವನ ಶೆಡ್ ಪೀಣ್ಯದಲ್ಲಿದೆ. ಅಲ್ಲಿ ಪ್ಲೈವುಡ್, ಹಳೇ ಸ್ಕೂಟರ್ ಮೀಟರ್, ಎಲ್‌ಇಡಿ ಪಟ್ಟಿ ಸೇರಿಸಿ ಫೈಟರ್ ವಿಮಾನದ ಕಾಕ್‌ಪಿಟ್ ಕಟ್ಟಿದ್ದೇವೆ. ಮುಕ್ಕಾಲು ಕಥೆ ಅದರೊಳಗೇ ನಡೆಯುತ್ತದೆ. ಉಳಿದ ಕಾಲು ಭಾಗ ವಿಮಾನಪುರದ ಒಂದು ಅಡುಗೆಮನೆಯಲ್ಲಿ.

ಕಥೆ ಇಷ್ಟು. 24 ವರ್ಷದ ಫ್ಲೈಟ್ ಲೆಫ್ಟಿನೆಂಟ್ ಒಬ್ಬ, ನಮ್ಮೂರ ಹುಡುಗ, ಎಚ್‌ಎಎಲ್ ರನ್‌ವೇಯಿಂದ ಒಂಟಿ ಎಂಜಿನ್ ವಿಮಾನ ತಗೊಂಡು ಟೆಸ್ಟ್ ಹಾರಾಟಕ್ಕೆ ಹೋಗುತ್ತಾನೆ. ವಾಪಸ್ ಬರುವಾಗ ಎಂಜಿನ್ ಆರಿ ಹೋಗುತ್ತದೆ. ಕೆಳಗೆ ಊರು. ಅಮ್ಮನ ಮನೆಯೂ ಅಲ್ಲೇ ಎಲ್ಲೋ. ಅವನು ಇಜೆಕ್ಟ್ ಆಗುವುದಿಲ್ಲ, ಅಂದರೆ ಹ್ಯಾಂಡಲ್ ಎಳೆದು ಸೀಟಿನ ಸಮೇತ ಹೊರಗೆ ಹಾರಿ ಪ್ಯಾರಾಶೂಟಿನಲ್ಲಿ ಇಳಿಯುವುದಿಲ್ಲ. ವಿಮಾನವನ್ನು ಕೆರೆಯ ಕಡೆ ತಿರುಗಿಸಿ ಅದರ ಜೊತೆಗೇ ಹೋಗುತ್ತಾನೆ. ಕೊನೆಯ ಶಾಟ್ ಅಮ್ಮನ ಮುಖ.

ಈ ಅಂತ್ಯ ಬರೆದು ಎರಡು ತಿಂಗಳಾಯಿತು. ಓದಿದವರೆಲ್ಲ ಅತ್ತರು. ನನಗೆ ಮಾತ್ರ ಯಾಕೋ ಸಮಾಧಾನ ಇಲ್ಲ. ನಾನು ಈ ಹುಡುಗನನ್ನು ಸುಮ್ನೆ ಜನರನ್ನು ಅಳಿಸೋಕೆ ಸಾಯಿಸುತ್ತಿದ್ದೇನಾ ಅನ್ನಿಸುತ್ತಿದೆ. ವಾಯುಪಡೆ ಗೊತ್ತಿರುವವರು, ಆ ಕಡೆ ಬೆಳೆದವರು, ಸಿನಿಮಾ ಕೆಲಸ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಮಾತಾಡಿ. ಖಾರವಾಗಿ ಹೇಳಿದರೂ ಪರವಾಗಿಲ್ಲ.

ಹಳೇ ಏರ್‌ಮನ್

ತಮ್ಮಾ, ಒಳ್ಳೆಯ ಪ್ರಶ್ನೆ ಕೇಳಿದ್ದೀಯ. ನಾನು ವಾಯುಪಡೆಯಲ್ಲಿ ನೆಲದ ಮೇಲಿನ ಕೆಲಸದವನು. ಹಾರಿದವನಲ್ಲ, ಹಾರುವವರನ್ನು ಸೀಟಿಗೆ ಕಟ್ಟಿ ಕಳಿಸಿದವನು. ಆ ಕಡೆಯಿಂದಲೇ ಹೇಳುತ್ತೇನೆ.

ಮೊದಲು ಸಣ್ಣ ತಿದ್ದುಪಡಿ. ಟೆಸ್ಟ್ ಹಾರಾಟಕ್ಕೆ 24ರ ಹುಡುಗನನ್ನು ಯಾರೂ ಕಳಿಸುವುದಿಲ್ಲ. ಟೆಸ್ಟ್ ಪೈಲಟ್ ಆಗಬೇಕಾದರೆ ವರ್ಷಗಟ್ಟಲೆ ಹಾರಿ, ಆಮೇಲೆ ಬೆಂಗಳೂರಿನಲ್ಲೇ ಇರುವ ಟೆಸ್ಟ್ ಪೈಲಟ್ ಶಾಲೆಯಲ್ಲಿ ಓದಿರಬೇಕು. ನಿನ್ನ ನಾಯಕನಿಗೆ 30 ದಾಟಿಸು, ಸ್ಕ್ವಾಡ್ರನ್ ಲೀಡರ್ ಮಾಡು. ಬೀದರ್‌ನಲ್ಲಿ ಹಾಕ್ ತರಬೇತಿ ವಿಮಾನದಲ್ಲಿ ಕಲಿತವನು ಅಂತ ಒಂದು ಮಾತು ಹಾಕು, ನಿಜಕ್ಕೆ ಹತ್ತಿರವಾಗುತ್ತದೆ.

ಈಗ ದೊಡ್ಡ ವಿಷಯ. ಸಿನಿಮಾಗಳಲ್ಲಿ ಇಜೆಕ್ಟ್ ಆಗುವುದನ್ನು ಸೋಲು ಅನ್ನೋ ಹಾಗೆ ತೋರಿಸುತ್ತಾರೆ. ಅದನ್ನು ನೋಡಿದಾಗೆಲ್ಲ ನನಗೆ ಸಂಕಟ ಆಗುತ್ತದೆ. ಇವತ್ತಿನ ಸೀಟುಗಳನ್ನು ಜೀರೋ-ಜೀರೋ ಅನ್ನುತ್ತಾರೆ. ವಿಮಾನ ನೆಲದ ಮೇಲೆ ನಿಂತಿದ್ದರೂ ಎಳೆದರೆ ಬದುಕಿಸುತ್ತದೆ. ಹ್ಯಾಂಡಲ್ ಎಳೆದ ಎರಡು ಮೂರು ಸೆಕೆಂಡಿನಲ್ಲಿ ಪ್ಯಾರಾಶೂಟ್ ಬಿಚ್ಚಿಕೊಂಡಿರುತ್ತದೆ. ಆದರೂ ಜನ ಸಾಯುತ್ತಾರೆ. ಹೆಚ್ಚಿನ ಸಲ ಕಾರಣ ಒಂದೇ: ತಡ. ಇನ್ನೊಂದು ಸಲ ಎಂಜಿನ್ ಹೊತ್ತಿಸಿ ನೋಡೋಣ, ಇನ್ನೊಂದು ಸಲ ಅಂತ ಕೂತುಬಿಡುತ್ತಾರೆ. ವಿಮಾನ ಜೋರಾಗಿ ಕೆಳಗಿಳಿಯುತ್ತಿರುವಾಗ ಸೀಟು ಮೇಲಕ್ಕೆ ಒದ್ದರೂ ಅದು ಸಾಲುವುದಿಲ್ಲ.

ಅದಕ್ಕೇ ಎಷ್ಟು ಎತ್ತರಕ್ಕೆ ಬಂದರೆ ಎಳೆಯಬೇಕು ಅಂತ ನೆಲದ ಮೇಲೇ, ಬ್ರೀಫಿಂಗ್‌ನಲ್ಲೇ ನಿರ್ಧಾರ ಮಾಡಿಕೊಂಡು ಹತ್ತುತ್ತಾರೆ. ಮೇಲೆ ಹೋದ ಮೇಲೆ ಯೋಚನೆ ಮಾಡೋಕೆ ಟೈಮ್ ಇರಲ್ಲ ಅಂತ ಅವರಿಗೆ ಗೊತ್ತು. ವಿಮಾನ ಪೂರ್ತಿ ಕೈ ತಪ್ಪಿದರೆ 10,000 ಅಡಿಯಲ್ಲೇ ಬಿಟ್ಟು ಬಾ ಅನ್ನೋದು ಅನೇಕ ವಾಯುಪಡೆಗಳ ನಿಯಮ. ಎಂಜಿನ್ ಆರಿದರೂ ವಿಮಾನ ಮಾತು ಕೇಳುತ್ತಿದ್ದರೆ ಇನ್ನೂ ಕೆಳಗಿನವರೆಗೆ ಪ್ರಯತ್ನಪಡಬಹುದು. ಅದಕ್ಕೂ ಒಂದು ಗೆರೆ ಇರುತ್ತದೆ.

ಒಂದು ದೃಶ್ಯ ಕೊಡುತ್ತೇನೆ, ಬೇಕಾದರೆ ತಗೋ. ಸೀಟಿಗೆ ಸೇಫ್ಟಿ ಪಿನ್‌ಗಳಿರುತ್ತವೆ. ಪ್ರತಿ ಪಿನ್ನಿಗೂ ಕೆಂಪು ಪಟ್ಟಿ. ಹೊರಡುವ ಮುಂಚೆ ಅವನ್ನು ಕಿತ್ತು, ಪೈಲಟ್ ಮತ್ತು ನಾವು ಇಬ್ಬರೂ ಕಣ್ಣಾರೆ ನೋಡಿ ಎಣಿಸುತ್ತೇವೆ. ಪಿನ್ ಒಳಗೇ ಉಳಿದರೆ ಸೀಟು ಹಾರುವುದಿಲ್ಲ. ನಾನು ಎಷ್ಟೋ ಜನರ ಭುಜದ ಪಟ್ಟಿ ಬಿಗಿದಿದ್ದೇನೆ. ಒಬ್ಬರು ಯಾವಾಗಲೂ ನನ್ನ ಮುಂಗೈ ಮೇಲೆ ಎರಡು ಸಲ ತಟ್ಟುತ್ತಿದ್ದರು, ಆಯ್ತು ಇಳಿ ಅಂತ. ಆಮೇಲೆ ನಾವು ಚಕ್ರ ಉರುಳದ ಹಾಗೆ ಅಡ್ಡ ಕೊಡುವ ದಿಮ್ಮಿ ಕೈಯಲ್ಲಿ ಹಿಡಿದು, ವಿಮಾನ ನಿಲ್ಲಿಸುವ ಟಾರ್ಮ್ಯಾಕ್ ಮೇಲೆ ಕಾಯುತ್ತಿದ್ದೆವು. ಹೋದ ವಿಮಾನ ಬರುವ ತನಕ ಆ ಜಾಗ ಖಾಲಿ ಇರುತ್ತದೆ. ಆ ಖಾಲಿ ಜಾಗ ನೋಡುತ್ತಾ ನಿಲ್ಲುವುದು ಎಷ್ಟು ಕಷ್ಟ ಅಂತ ಯಾರೂ ಸಿನಿಮಾದಲ್ಲಿ ತೋರಿಸಿಲ್ಲ.

ಬಸವನಗುಡಿ ಓದುಗ

ಹಿರಿಯರ ಮಾತು ಒಪ್ಪುತ್ತೇನೆ, ಆದರೂ ಒಂದು ಅನುಮಾನ. ಬಿಟ್ಟು ಬಾರದೆ ವಿಮಾನ ಉಳಿಸಿದವರೂ ಇದ್ದಾರಲ್ವಾ? ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಅವರ ವಿಷಯ ನಮಗೆಲ್ಲ ಗೊತ್ತು. 2020ರ ಅಕ್ಟೋಬರ್ 12ರಂದು ತೇಜಸ್ ಕೈ ಕೊಟ್ಟಾಗ ಅವರು ಕೂತರು, ಇಳಿಸಿದರು. ಅದಕ್ಕೇ ಶೌರ್ಯ ಚಕ್ರ ಬಂತು. ಎಲ್ಲರೂ ಹ್ಯಾಂಡಲ್ ಎಳೆದು ಬಂದರೆ ಕಥೆಯಲ್ಲಿ ಧೈರ್ಯ ಎಲ್ಲಿ?

ಹಳೇ ಏರ್‌ಮನ್

ಆ ಘಟನೆಯನ್ನು ಇನ್ನೊಂದು ಸಲ ನಿಧಾನವಾಗಿ ನೋಡಿ ಸರ್. ಮೊದಲು ಕಾಕ್‌ಪಿಟ್ ಒಳಗಿನ ಗಾಳಿಯ ಒತ್ತಡ ಹೋಯಿತು. ಅವರು ಕೆಳಗಿಳಿಯಲು ಶುರು ಮಾಡಿದರು. ಇಳಿಯುತ್ತಿರುವಾಗ ಫ್ಲೈಟ್ ಕಂಟ್ರೋಲ್ ಕೆಟ್ಟು ವಿಮಾನ ಪೂರ್ತಿ ಹಿಡಿತ ತಪ್ಪಿತು. ಮೂತಿ ಮೇಲೆ ಕೆಳಗೆ ಹುಚ್ಚೆದ್ದು ಕುಣಿಯಿತು. ಅದನ್ನು ಹಿಡಿತಕ್ಕೆ ತಂದರು. ಸುಮಾರು 10,000 ಅಡಿಯಲ್ಲಿ ಮತ್ತೆ ತಪ್ಪಿತು. ಆಗ ಬಿಟ್ಟು ಬರಲು ಅವರಿಗೆ ಪೂರ್ತಿ ಹಕ್ಕಿತ್ತು. ಯಾರೂ ಒಂದು ಮಾತು ಅನ್ನುತ್ತಿರಲಿಲ್ಲ. ಅವರು ಅಳೆದು ನೋಡಿ, ಮತ್ತೆ ಹಿಡಿತ ಸಿಗುತ್ತಿದೆ ಅಂತ ಕಂಡ ಮೇಲೆ ಇಳಿಸಿದರು. ಸಾಯೋಕೆ ಕೂತವರಲ್ಲ ಅವರು. ವಿಮಾನ ಉತ್ತರ ಕೊಡುತ್ತಿತ್ತು, ಅದಕ್ಕೆ ಕೂತರು.

ಮುಂದಿನ ವರ್ಷ ಕೂನೂರಿನ ಹೆಲಿಕಾಪ್ಟರ್ ಅಪಘಾತದಲ್ಲಿ ಬದುಕಿ ಉಳಿದವರು ಅವರೊಬ್ಬರೇ. ನಮ್ಮ ಹಳೇ ಏರ್‌ಪೋರ್ಟ್ ರಸ್ತೆಯ ಕಮಾಂಡ್ ಆಸ್ಪತ್ರೆಗೆ ತಂದರು. 2021ರ ಡಿಸೆಂಬರ್ 15ರಂದು ಅಲ್ಲೇ ಹೋದರು. ಆ ವಾರ ನಮ್ಮ ಮನೆಯಲ್ಲಿ ದಿನಾ ದೀಪ ಹಚ್ಚಿ ಅವರ ಹೆಸರು ಹೇಳಿದೆವು.

ಮುರುಗೇಶಪಾಳ್ಯದವಳು

ನಾನು ಹುಟ್ಟಿ ಬೆಳೆದಿದ್ದು ರನ್‌ವೇ ಪಕ್ಕ ಅಂದರೂ ಸರಿಯೇ. ನಿಮ್ಮ ಅಡುಗೆಮನೆ ಭಾಗದ ಬಗ್ಗೆ ಮಾತ್ರ ಹೇಳುತ್ತೇನೆ.

ನಮ್ಮ ಮನೆಯಲ್ಲಿ ಬೆಳಿಗ್ಗೆ ಜೆಟ್ ಎದ್ದರೆ ಸ್ಟೀಲ್ ಲೋಟದ ಸ್ಟ್ಯಾಂಡ್ ಗಿಲ್ ಗಿಲ್ ಅನ್ನುತ್ತಿತ್ತು. ಅಮ್ಮ ಫೋನಿನಲ್ಲಿ ಮಾತಾಡುತ್ತಿದ್ದರೆ ಮಧ್ಯದಲ್ಲಿ ನಿಲ್ಲಿಸಿ, ಸದ್ದು ದಾಟಿದ ಮೇಲೆ ಅದೇ ಪದದಿಂದ ಮತ್ತೆ ಶುರು ಮಾಡುತ್ತಿದ್ದಳು. ಮೇಷ್ಟ್ರೂ ಪಾಠ ಹಾಗೇ ಮಾಡುತ್ತಿದ್ದರು. ನಮಗೆ ಆ ಸದ್ದು ಅಂದರೆ ಎಲ್ಲಾ ಸರಿಯಾಗಿದೆ ಅಂತ ಅರ್ಥ.

2019ರ ಫೆಬ್ರವರಿ 1ರಂದು ಮಿರಾಜ್ ಫೈಟರ್ ವಿಮಾನ ಬಿದ್ದ ದಿನ ನಾನು ಮನೆಯಲ್ಲೇ ಇದ್ದೆ. ರನ್‌ವೇ ಕಡೆಯಿಂದ ಕಪ್ಪು ಹೊಗೆ ಎದ್ದಿತು. ಇಬ್ಬರು ಟೆಸ್ಟ್ ಪೈಲಟ್‌ಗಳು ಹೋದರು. ಅದೇ ತಿಂಗಳು 19ಕ್ಕೆ ಯಲಹಂಕದಲ್ಲಿ ಏರೋ ಇಂಡಿಯಾ ಪ್ರದರ್ಶನಕ್ಕೆ ತಾಲೀಮು ಮಾಡುತ್ತಿದ್ದ ವಾಯುಪಡೆಯ ಸೂರ್ಯಕಿರಣ ತಂಡದ ಎರಡು ವಿಮಾನ ಡಿಕ್ಕಿಯಾದವು. ಇಬ್ಬರು ಇಜೆಕ್ಟ್ ಆಗಿ ಉಳಿದರು, ಒಬ್ಬರು ಉಳಿಯಲಿಲ್ಲ. ಆ ಇಡೀ ತಿಂಗಳು ಅಮ್ಮ ಜೆಟ್ ಸದ್ದು ಬಂದರೆ ಗ್ಯಾಸ್ ಆರಿಸಿ ಬಾಗಿಲಿಗೆ ಬರುತ್ತಿದ್ದಳು. ನಮ್ಮ ಮನೆಯವರು ಯಾರೂ ಪೈಲಟ್ ಅಲ್ಲ. ಆದರೂ.

ಆದ್ದರಿಂದ ಆ ತಾಯಿಗೆ ಕಣ್ಣೀರು ಜಾಸ್ತಿ ಬೇಡ. ಅವಳು ಸದ್ದಿನಲ್ಲೇ ಎಲ್ಲ ಓದಬಲ್ಲವಳು. ಸದ್ದು ನಿಂತಾಗ ಅವಳ ಕೈ ನಿಲ್ಲಲಿ, ಅಷ್ಟು ಸಾಕು.

ಇನ್ನೊಂದು. ಹಳೇ ಮದ್ರಾಸ್ ರಸ್ತೆ ಕಡೆಯಿಂದ ನಮ್ಮ ಕಡೆಗೆ ಬರುವ ಸುರಂಜನ್ ದಾಸ್ ರಸ್ತೆಯಲ್ಲಿ ದಿನಾ ಸಾವಿರಾರು ಜನ ಟ್ರಾಫಿಕ್‌ನಲ್ಲಿ ನಿಂತಿರುತ್ತಾರೆ. ಆ ಹೆಸರು ಯಾರದ್ದು ಅಂತ ಕೇಳಿ ನೋಡಿ. ನಮ್ಮ ದೇಶದಲ್ಲೇ ರೂಪಿಸಿದ ಮೊದಲ ಜೆಟ್ ಫೈಟರ್ ಮಾರುತ್ ಅನ್ನು 1961ರ ಜೂನ್ 17ರಂದು ಇದೇ ಬೆಂಗಳೂರಿನಲ್ಲಿ ಮೊದಲ ಸಲ ಹಾರಿಸಿದವರು ಅವರು. 1970ರ ಜನವರಿ 10ರಂದು ಮಾರುತ್‌ನ ಇನ್ನೊಂದು ಮಾದರಿಯ ಅಪಘಾತದಲ್ಲೇ ತೀರಿಕೊಂಡರು. ನಿಮ್ಮ ನಾಯಕ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಆ ಬೋರ್ಡಿನ ಮುಂದೆ ಹಾದು ಹೋಗಲಿ. ಮಾತು ಬೇಡ.

ಸೌಂಡ್ ಹುಡುಗ

ಅಕ್ಕ ಹೇಳಿದ್ದು ಓದಿ ಮೈ ಜುಂ ಅಂತು. ನಾನು ಕಿರುಚಿತ್ರಗಳಿಗೆ ಶಬ್ದ ಮಾಡುತ್ತೇನೆ. ಈ ಕಥೆಗೆ ಶಬ್ದವೇ ಜೀವ.

ಶಬ್ದ ಒಂದು ಸೆಕೆಂಡಿಗೆ ಹೆಚ್ಚೂಕಡಿಮೆ 340 ಮೀಟರ್ ಹೋಗುತ್ತದೆ. ವಿಮಾನ 3 ಕಿಲೋಮೀಟರ್ ದೂರ ಇದ್ದರೆ ಅದರ ಸದ್ದು ನಮ್ಮ ಕಿವಿಗೆ ಬರುವಷ್ಟರಲ್ಲಿ ಸುಮಾರು 9 ಸೆಕೆಂಡ್ ಆಗಿರುತ್ತದೆ. ಅಂದರೆ ಮೇಲೆ ಎಂಜಿನ್ ಆರಿದ ಮೇಲೂ ಅಡುಗೆಮನೆಯಲ್ಲಿ 9 ಸೆಕೆಂಡ್ ಸದ್ದು ಇರುತ್ತದೆ! ಅಮ್ಮ ಆ ಸದ್ದು ಕೇಳಿಕೊಂಡು ಹಿಟ್ಟು ರುಬ್ಬುತ್ತಿದ್ದಾಳೆ. ನಾವು ನೋಡುವವರಿಗೆ ಗೊತ್ತು, ಅವಳಿಗೆ ಇನ್ನೂ ಗೊತ್ತಿಲ್ಲ. ಆ 9 ಸೆಕೆಂಡ್ ಕಟ್ ಮಾಡದೆ ಹಾಗೇ ಇಟ್ಟುಬಿಡಿ.

ಕಾಕ್‌ಪಿಟ್ ಒಳಗೆ ಸಂಗೀತ ಹಾಕಬೇಡಿ. ಮಾಸ್ಕ್ ಒಳಗಿನ ಮೈಕ್‌ನಲ್ಲಿ ಅವನ ಉಸಿರು, ಗಾಳಿಯ ಸುಂಯ್, ವಾರ್ನಿಂಗ್ ಬೀಪ್. ಎಂಜಿನ್ ಹೋದ ತಕ್ಷಣ ಅವನಿಗೆ ತನ್ನ ಉಸಿರೇ ದೊಡ್ಡದಾಗಿ ಕೇಳುತ್ತದೆ. ರೇಡಿಯೋ ಮಾತು ಇಂಗ್ಲಿಷ್‌ನಲ್ಲೇ ಇರಲಿ, ಅದು ಹಾಗೇ ಇರುತ್ತದೆ. ಅಪಾಯದ ಕರೆ ಮೇಡೇ ಮೂರು ಸಲ, ಕಾಲ್‌ಸೈನ್ ಅಂದರೆ ರೇಡಿಯೋದಲ್ಲಿ ಕರೆಯುವ ಹೆಸರು, ಎಲ್ಲಿದ್ದೇನೆ, ಏನು ಮಾಡುತ್ತೇನೆ. ಕಿರುಚಾಟ ಬೇಡ. ನಿಜವಾದ ಪೈಲಟ್‌ಗಳು ಮೆತ್ತಗೆ ಮಾತಾಡುತ್ತಾರೆ, ಹಾಲು ತರೋಕೆ ಹೇಳಿದ ಹಾಗೆ. ಆ ಮೆತ್ತನೆಯ ದನಿಗೇ ಭಯ ಹುಟ್ಟುತ್ತದೆ.

ಪೀಣ್ಯ ಶೆಡ್

ಅಕ್ಕ, ನಿಮ್ಮ ಲೋಟದ ಸ್ಟ್ಯಾಂಡ್ ನಾನು ತಗೊಳ್ಳಲಾ? ಆ ಒಂದು ಸಾಲಿಗೆ ನನ್ನ ಎರಡು ಪುಟ ಸಂಭಾಷಣೆ ಬೇಡವಾಯಿತು.

ಇನ್ನೊಂದು ಪ್ರಶ್ನೆ. ಇಜೆಕ್ಟ್ ಆದ ಮೇಲೆ ಮೈಗೆ ಏನಾಗುತ್ತದೆ? ಎದ್ದು ನಿಂತು ನಡೆಯಬಹುದಾ?

ವೈದ್ಯೆ, ಜಯನಗರ

ನಾನು ಮೂಳೆ ವಿಭಾಗದಲ್ಲಿ ಕೆಲಸ ಮಾಡುವವಳು. ಮಿಲಿಟರಿ ವೈದ್ಯೆ ಅಲ್ಲ, ಆದರೆ ಈ ವಿಷಯ ಓದಿದ್ದೇನೆ.

ದಯವಿಟ್ಟು ಅವನನ್ನು ಎದ್ದು ನಡೆಸಬೇಡಿ. ಸೀಟಿನ ಕೆಳಗಿನ ರಾಕೆಟ್ ಒದ್ದಾಗ ಬೆನ್ನುಮೂಳೆ ಮೇಲೆ ದೇಹದ ತೂಕದ ಹತ್ತು ಹದಿನೈದು ಪಟ್ಟು ಭಾರ ಬೀಳುತ್ತದೆ. ಬೆನ್ನಿನ ಮಣಿ ಅದುಮಿಕೊಂಡು ಬಿರುಕು ಬಿಡುವುದು ಸಾಮಾನ್ಯ. ಎಷ್ಟೋ ಜನಕ್ಕೆ ಆ ಗಳಿಗೆಯಲ್ಲಿ ನೋವು ಗೊತ್ತಾಗುವುದಿಲ್ಲ. ಆದ್ದರಿಂದ ಹೊಲದಲ್ಲಿ ಬಿದ್ದವನನ್ನು ಎತ್ತಿ ಕೂರಿಸಬಾರದು, ಮಲಗಿದ ಹಾಗೇ ಇರಿಸಬೇಕು. ನಿಮ್ಮ ಸಿನಿಮಾ ನೋಡಿ ನಾಲ್ಕು ಜನ ಇಷ್ಟು ಕಲಿತರೂ ಒಳ್ಳೆಯದು.

ಹಾರುವಾಗಿನ ಮೈಯ ಬಗ್ಗೆ: 9 ಜಿ, ಅಂದರೆ ಮೈ ಭಾರ 9 ಪಟ್ಟಾಗುವ ತಿರುವಿನಲ್ಲಿ 70 ಕಿಲೋ ಮನುಷ್ಯ 630 ಕಿಲೋ ಆಗುತ್ತಾನೆ. ರಕ್ತ ತಲೆಯಿಂದ ಕಾಲಿಗೆ ಇಳಿಯುತ್ತದೆ. ಮೊದಲು ಬಣ್ಣ ಹೋಗುತ್ತದೆ, ಲೋಕ ಬೂದು ಬಣ್ಣವಾಗುತ್ತದೆ. ಆಮೇಲೆ ಕೊಳವೆಯಲ್ಲಿ ನೋಡಿದ ಹಾಗೆ ನೋಟ ಸಣ್ಣದಾಗುತ್ತದೆ. ಆಮೇಲೆ ಕತ್ತಲು. ಅದಕ್ಕೇ ಕಾಲು, ಹೊಟ್ಟೆ ಬಿಗಿಹಿಡಿದು ಉಸಿರು ತಡೆದು ತಡೆದು ಬಿಡುವ ಅಭ್ಯಾಸ ಮಾಡಿಸುತ್ತಾರೆ. ನಮ್ಮ ಊರಲ್ಲೇ 1957ರಲ್ಲಿ ಶುರುವಾದ ವೈಮಾನಿಕ ವೈದ್ಯಕೀಯ ಸಂಸ್ಥೆ ಇದೆ. ಅಲ್ಲಿ ಮನುಷ್ಯರನ್ನು ಕೂರಿಸಿ ಗಿರಗಿರ ತಿರುಗಿಸುವ ಸೆಂಟ್ರಿಫ್ಯೂಜ್ ಇದೆ. ಗಗನಯಾನಕ್ಕೆ ಆರಿಸುವಾಗಲೂ ಪೈಲಟ್‌ಗಳನ್ನು ಪರೀಕ್ಷೆ ಮಾಡಿದ್ದು ಅಲ್ಲೇ. ನಿಮ್ಮ ನಟನಿಗೆ ಆ ಉಸಿರಾಟ ಕಲಿಸಿ. ಪ್ಲೈವುಡ್ ಕಾಕ್‌ಪಿಟ್ ಅಲುಗಾಡಿಸುವುದಕ್ಕಿಂತ ಅದು ಚೆನ್ನಾಗಿ ಕಾಣುತ್ತದೆ.

ಕೊಳ್ಳೇಗಾಲ ಟು ಬೆಂಗಳೂರು

ಡಾಕ್ಟರ್ ಮೇಡಂ ಮಾತಿಗೆ ಸೇರಿಸುತ್ತೇನೆ. 2023ರ ಜೂನ್ 1ರಂದು ಬೆಂಗಳೂರಿನಿಂದ ಹೊರಟ ವಾಯುಪಡೆಯ ಕಿರಣ್ ತರಬೇತಿ ವಿಮಾನ ನಮ್ಮ ಚಾಮರಾಜನಗರ ಜಿಲ್ಲೆಯ ಬಯಲಲ್ಲಿ ಬಿತ್ತು. ಇಬ್ಬರೂ ಇಜೆಕ್ಟ್ ಆಗಿ ಉಳಿದರು. ಅವರಲ್ಲಿ ಒಬ್ಬರು ಹೆಣ್ಣುಮಗಳು. ಊರಿಂದ ಚಿಕ್ಕಪ್ಪ ಫೋನ್ ಮಾಡಿದಾಗ ಮೊದಲು ಹೇಳಿದ್ದು ವಿಮಾನದ ಸುದ್ದಿ ಅಲ್ಲ. ಇಬ್ಬರೂ ಉಸಿರಾಡ್ತಾ ಇದಾರಂತೆ ಕಣಪ್ಪ ಅಂದರು.

ನಮ್ಮ ಕಡೆ ಜನಕ್ಕೆ ಕೋಟಿ ರೂಪಾಯಿ ವಿಮಾನದ ಲೆಕ್ಕ ಬೇಡ. ಯಾರ ಮಕ್ಕಳೋ ಏನೋ ಅಂತಲೇ ಓಡುತ್ತಾರೆ. ನಿಮ್ಮ ಕಥೆಯಲ್ಲಿ ಅವನನ್ನು ಒಂದು ರಾಗಿ ಹೊಲಕ್ಕೆ ಇಳಿಸಿ. ಮೊದಲು ಬಂದು ನೋಡುವವಳು ಕಳೆ ಕೀಳುತ್ತಿದ್ದ ಹೆಂಗಸಾಗಲಿ. ಅವಳೂ ಒಬ್ಬ ತಾಯಿಯೇ.

ಕೊಡಗಿನ ಮಗಳು

ತಾಯಿ ತಂದೆಯ ವಿಷಯ ಬಂತು, ಅದಕ್ಕೆ ಬರೆಯುತ್ತಿದ್ದೇನೆ. 1965ರ ಸೆಪ್ಟೆಂಬರ್ 22ರಂದು ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪ ಅವರ ಹಂಟರ್ ವಿಮಾನವನ್ನು ಪಾಕಿಸ್ತಾನದವರು ಹೊಡೆದುರುಳಿಸಿದರು. ಅವರು ಇಜೆಕ್ಟ್ ಆಗಿ ಸೆರೆ ಸಿಕ್ಕರು. ತಂದೆ ಯಾರು ಅಂತ ಗೊತ್ತಲ್ಲ, ಜನರಲ್ ಕೆ.ಎಂ. ಕಾರ್ಯಪ್ಪ. ಪಾಕಿಸ್ತಾನದ ಆಗಿನ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಅವರ ಕೈಕೆಳಗೆ ಕೆಲಸ ಮಾಡಿದವರು. ಮಗನನ್ನು ಬಿಡುತ್ತೇವೆ ಅಂತ ಹೇಳಿ ಕಳಿಸಿದರು. ತಂದೆ ಒಪ್ಪಲಿಲ್ಲ. ಅಲ್ಲಿರುವ ಸೆರೆಯಾಳುಗಳೆಲ್ಲ ನನ್ನ ಮಕ್ಕಳೇ, ಇವನೊಬ್ಬನಿಗೆ ಬೇರೆ ಬೇಡ ಅಂದರು. ಮಗ ಆಮೇಲೆ ವಾಪಸ್ ಬಂದು ಏರ್ ಮಾರ್ಷಲ್ ಆದರು.

ನಮ್ಮಲ್ಲಿ ಈ ಕಥೆ ಹೇಳದ ಮನೆಯೇ ಇಲ್ಲ. ಆದರೆ ಅದನ್ನು ಹೇಳುವಾಗ ಯಾರೂ ಅವನು ಯಾಕೆ ಇಜೆಕ್ಟ್ ಆದ ಅಂತ ಕೇಳಿದ್ದನ್ನು ನಾನು ಕೇಳಿಲ್ಲ. ಅವತ್ತು ಅವರು ವಿಮಾನದ ಜೊತೆ ಹೋಗಿದ್ದರೆ ಏರ್ ಮಾರ್ಷಲ್ ಎಲ್ಲಿ ಬರುತ್ತಿದ್ದರು?

ಬಸವನಗುಡಿ ಓದುಗ

ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ನನ್ನ ಅಭಿಪ್ರಾಯ ಬದಲಾಯಿತು ಅಂತ ಇಲ್ಲೇ ಹೇಳಿಬಿಡುತ್ತೇನೆ. ಒಂದೇ ಕೋರಿಕೆ: ಕೆಳಗಿನ ಊರಿನ ಬಗ್ಗೆ ಅವನಿಗಿರುವ ಕಾಳಜಿ ಕಥೆಯಿಂದ ಹೋಗಬಾರದು.

ಹಳೇ ಏರ್‌ಮನ್

ಹೋಗಬೇಕಾಗಿಲ್ಲ ಸರ್. ಟೈಮ್ ಇದ್ದರೆ ಮೂತಿಯನ್ನು ಖಾಲಿ ಜಾಗದ ಕಡೆ ತಿರುಗಿಸಿ ಆಮೇಲೆ ಎಳೆಯುತ್ತಾರೆ. ಅದನ್ನೂ ಕಲಿಸಿರುತ್ತಾರೆ. ಎರಡೂ ಒಂದೇ ಕೆಲಸದ ಭಾಗ.

ಆರ್ಟ್ ಕೆಲಸದವನು

ಬೇಗ ಎರಡು ಮಾತು. ಹಾಕ್, ತೇಜಸ್ ವಿಮಾನಗಳ ಕ್ಯಾನಪಿ, ಅಂದರೆ ಕಾಕ್‌ಪಿಟ್ ಮುಚ್ಚುವ ಗಾಜಿನ ಮೇಲೆ ಅಂಕುಡೊಂಕು ಗೆರೆ ಕಾಣುತ್ತದಲ್ಲ, ಅದು ಸಿಡಿಯುವ ದಾರ. ಸೀಟು ಹೋಗುವ ಮುಂಚೆ ಗಾಜು ಒಡೆಯುವುದು ಅದೇ. ನಿಮ್ಮ ಅಕ್ರಿಲಿಕ್ ಮೇಲೆ ಆ ಗೆರೆ ಎಳೆಯಿರಿ. ಕಾಲುಗಳ ಮಧ್ಯದ ಹ್ಯಾಂಡಲ್ ಹಳದಿ ಕಪ್ಪು ಪಟ್ಟಿಯ ಬಳೆಯ ಹಾಗಿರಲಿ. ಅಳತೆ ನೋಡಬೇಕಾದರೆ ಎಚ್‌ಎಎಲ್ ಮ್ಯೂಸಿಯಂಗೆ ಒಂದು ದಿನ ಹೋಗಿ ಬನ್ನಿ. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಹೊರಗೆ ನಿಂತಿರುವುದು ಮಾರುತ್, ಅದನ್ನೂ ನೋಡಿ.

ವಾಯುನೆಲೆಗಳ ಹತ್ತಿರ ಡ್ರೋನ್ ಮಾತ್ರ ಹಾರಿಸಬೇಡಿ. ಆಕಾಶ ಬೇಕಾದರೆ ಊರ ಹೊರಗೆ ಹೋಗಿ, ಸರ್ಕಾರದ ಡ್ರೋನ್ ಮ್ಯಾಪಿನಲ್ಲಿ ಹಸಿರು ಬಣ್ಣ ಇರುವ ಕಡೆ ಮಾಡಿ.

ಪೀಣ್ಯ ಶೆಡ್

ಮೂರು ರಾತ್ರಿ ಕೂತು ಕೊನೆಯ ಐದು ನಿಮಿಷ ಮತ್ತೆ ಬರೆದೆ. ಇಲ್ಲಿ ಹಾಕುತ್ತಿದ್ದೇನೆ. ಇದರಲ್ಲಿ ಒಳ್ಳೆಯದು ಏನಿದ್ದರೂ ನಿಮ್ಮದು.

ಕಾಕ್‌ಪಿಟ್. ಎಂಜಿನ್ ಆರಿದೆ. ಮತ್ತೆ ಹೊತ್ತಿಸುವ ಪ್ರಯತ್ನ, ಒಂದು ಸಲ. ಇಲ್ಲ. ಎರಡನೇ ಸಲ. ಇಲ್ಲ. ಅಡಿಗಳ ಮೀಟರ್ ಇಳಿಯುತ್ತಿದೆ. ಬೆಳಿಗ್ಗೆ ಬ್ರೀಫಿಂಗ್‌ನಲ್ಲಿ ಅವನೇ ಬಾಯಿಬಿಟ್ಟು ಹೇಳಿದ ಸಂಖ್ಯೆ ಹತ್ತಿರ ಬರುತ್ತಿದೆ. ಎಡಕ್ಕೆ ಊರು. ಬಲಕ್ಕೆ ಹೊಸಕೋಟೆ ಕಡೆಯ ಹೊಲಗಳು. ಅವನು ಬಲಕ್ಕೆ ವಾಲುತ್ತಾನೆ. ಕೈ ಮತ್ತೆ ಎಂಜಿನ್ ಸ್ವಿಚ್ ಕಡೆ ಹೋಗುತ್ತದೆ. ಮೂರನೇ ಸಲಕ್ಕೆ. ಮೀಟರ್ ನೋಡುತ್ತಾನೆ. ಕೈ ವಾಪಸ್ ಬರುತ್ತದೆ. ರೇಡಿಯೋದಲ್ಲಿ ಮೆತ್ತಗೆ ಎರಡು ಮಾತು. ಬೆನ್ನು ನೆಟ್ಟಗೆ, ತಲೆ ಹಿಂದಕ್ಕೆ. ಎರಡೂ ಕೈ ಹಳದಿ ಕಪ್ಪು ಬಳೆಯ ಮೇಲೆ.

ಅಡುಗೆಮನೆ. ಸದ್ದು ಇನ್ನೂ ಇದೆ. ಲೋಟಗಳು ಗಿಲ್ ಗಿಲ್ ಅನ್ನುತ್ತಿವೆ. ಒಂಬತ್ತು ಸೆಕೆಂಡ್. ಸದ್ದು ನಿಲ್ಲುತ್ತದೆ. ಹಿಟ್ಟಿನ ಕೈ ನಿಲ್ಲುತ್ತದೆ. ಅವಳು ಗ್ಯಾಸ್ ಆರಿಸುತ್ತಾಳೆ.

ಟಾರ್ಮ್ಯಾಕ್. ಖಾಲಿ ಜಾಗ. ಕೈಯಲ್ಲಿ ದಿಮ್ಮಿ ಹಿಡಿದ ಒಬ್ಬ ಮನುಷ್ಯ ಆಕಾಶ ನೋಡುತ್ತಿದ್ದಾನೆ.

ರಾಗಿ ಹೊಲ. ಪ್ಯಾರಾಶೂಟ್ ಬಟ್ಟೆ ತೆನೆಗಳ ಮೇಲೆ ಹರಡಿದೆ. ಅವನು ಅಂಗಾತ ಮಲಗಿದ್ದಾನೆ. ಸೆರಗು ಸೊಂಟಕ್ಕೆ ಸಿಕ್ಕಿಸಿದ ಹೆಂಗಸು ಓಡಿ ಬಂದು ಬಗ್ಗುತ್ತಾಳೆ. ಅವನು ಏಳಲು ನೋಡುತ್ತಾನೆ. ಅವಳು ಎದೆಯ ಮೇಲೆ ಅಂಗೈ ಇಟ್ಟು ತಡೆಯುತ್ತಾಳೆ. "ಅಲ್ಲಾಡಬ್ಯಾಡ ಮಗಾ. ಯಾವೂರು?" ಅವನ ತುಟಿ ಅಲುಗುತ್ತದೆ. ಮಾಸ್ಕ್ ಇನ್ನೂ ಅರ್ಧ ಮುಖದ ಮೇಲಿದೆ. ಏನಂದ ಅಂತ ನಮಗೆ ಕೇಳುವುದಿಲ್ಲ. ಅವಳಿಗೆ ಕೇಳುತ್ತದೆ.

ಇಷ್ಟೇ. ಅಮ್ಮನಿಗೆ ಫೋನ್ ಬರುವುದನ್ನು ತೋರಿಸಬೇಕಾ ಅಂತ ಇನ್ನೂ ಗೊತ್ತಾಗುತ್ತಿಲ್ಲ.

ಮುರುಗೇಶಪಾಳ್ಯದವಳು

ತೋರಿಸಬೇಡಿ. ಫೋನ್ ರಿಂಗ್ ಆಗುವುದು ಮಾತ್ರ ಕೇಳಲಿ. ಅವಳು ಕೈ ಒರೆಸಿಕೊಳ್ಳಲಿ.

ಸೌಂಡ್ ಹುಡುಗ

ರಿಂಗ್‌ಟೋನ್ ನಾನು ಮಾಡಿಕೊಡುತ್ತೇನೆ. ಶಬ್ದದ ಪೂರ್ತಿ ಕೆಲಸಕ್ಕೂ ನಾನು ಬರುತ್ತೇನೆ, ದುಡ್ಡಿನ ಮಾತು ಬೇಡ.

ಹಳೇ ಏರ್‌ಮನ್

ಎರಡು ಸಲ ಓದಿದೆ ತಮ್ಮಾ. ಮೂರನೇ ಸಲಕ್ಕೆ ಹೋದ ಕೈ ವಾಪಸ್ ಬರುತ್ತದಲ್ಲ, ಆ ಶಾಟನ್ನು ಹತ್ತಿರದಿಂದ ತೆಗಿ. ಪಿನ್‌ಗಳಿಗೆ ಕೆಂಪು ಪಟ್ಟಿ ನಮ್ಮ ಮನೆಯವಳು ಹೊಲಿದು ಕೊಡುತ್ತಾಳೆ. ದಿಮ್ಮಿ ಹಿಡಿದು ನಿಲ್ಲುವವನಿಗೆ ಹೇಗೆ ನಿಲ್ಲಬೇಕು ಅಂತ ತೋರಿಸೋಕೆ ನಾನೇ ಬರುತ್ತೇನೆ. ಪೀಣ್ಯ ಮೆಟ್ರೋ ಸ್ಟೇಷನ್ನಿಂದ ನಿಮ್ಮ ಶೆಡ್ ಎಷ್ಟು ದೂರ?